ಗಾಳಿಯ ಕಳ್ಳದಾರಿ

ಹಳೆಯ ಟೂ-ಸ್ಟ್ರೋಕ್ ಗಾಡಿಗೆ ಬರುವ ಒಂದು ತೊಂದರೆ ಮಿಸ್ತ್ರಿಗಳನ್ನು ಎಲ್ಲಕ್ಕಿಂತ ಹೆಚ್ಚು ಸತಾಯಿಸುತ್ತದೆ. ಕಿಕ್ ಹೊಡೆದರೆ ಇಂಜಿನ್ ಶುರುವಾಗುತ್ತದೆ. ನಿಂತಲ್ಲಿ ಚೆನ್ನಾಗಿಯೇ ಓಡುತ್ತದೆ. ಗೇರ್ ಹಾಕಿ ರೇಸ್ ಕೊಟ್ಟ ಕೂಡಲೇ ಮಾತ್ರ ದನಿ ಇಳಿದು, ‘ಬೂ’ ಎಂದು ಒಳಗೇ ನರಳಿ, ಗಾಡಿ ಮುಂದಕ್ಕೆ ಹೋಗಲು ಒಲ್ಲೆ ಎನ್ನುತ್ತದೆ. ರೇಸ್ ಬಿಟ್ಟರೆ ಮತ್ತೆ ಜೀವ ಬರುತ್ತದೆ. ‘ದಮ್ಮ ಕಟ್ಲತ್ತದ’ ಎಂದು ಬೀದರ್ ಜಿಲ್ಲೆಯ ಭಾಲ್ಕಿ ಕಡೆಯವರು ಹೇಳುವುದು ಇದನ್ನೇ. ಕೆನಡಾದ ಹಿಮದ ಮೇಲೆ ಓಡುವ ಹಳೆಯ ಸ್ನೋಮೊಬೈಲಿಗೂ ಭಾಲ್ಕಿ ಬಳಿಯ ಭಾತಂಬ್ರಾದ ಕಬ್ಬಿನ ಹೊಲಕ್ಕೆ ಹೋಗಿಬರುವ ಯೆಜ್ಡಿ ಮೋಟಾರ್‌ಸೈಕಲ್ಲಿಗೂ ಈ ಕಾಯಿಲೆ ಒಂದೇ. ಕಾರಣಗಳೂ ಬಹುಪಾಲು ಅವೇ. ಎರಡರ ಹೊಟ್ಟೆಯಲ್ಲೂ ಒಂದೇ ಕುಲದ ಇಂಜಿನ್ ಇದೆ.

ಕಾಯಿಲೆ ಬಂದಾಗ ಎಲ್ಲರೂ ಮೊದಲು ಕೈ ಹಾಕುವುದು ಕಾರ್ಬೊರೇಟರಿಗೆ. ‘ಕಚರಾ ಬಂದಾದ’ ಎಂದು ಬಿಚ್ಚುತ್ತಾರೆ, ಪೆಟ್ರೋಲಿನಲ್ಲಿ ತೊಳೆಯುತ್ತಾರೆ, ಊದುತ್ತಾರೆ, ಮತ್ತೆ ಜೋಡಿಸುತ್ತಾರೆ. ಎಷ್ಟೋ ಸಲ ಅಷ್ಟಕ್ಕೇ ವಾಸಿಯಾಗುವುದೂ ಉಂಟು. ಆಗದೇ ಹೋದಾಗ ಮಾತ್ರ ಇಂಜಿನ್ ಎಂದರೇನು ಎಂಬ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತದೆ. ಭಾತಂಬ್ರಾದ ರೈತರೊಬ್ಬರ ಯೆಜ್ಡಿಯಲ್ಲಿ ಹೀಗೇ ಆಯಿತು. ದೋಷ ಸಿಕ್ಕ ಜಾಗ ಯಾರೂ ಹುಡುಕದ ಜಾಗವಾಗಿತ್ತು. ಆದರೆ ಅಲ್ಲಿಗೆ ಹೋಗುವ ದಾರಿಯನ್ನು ಶತಮಾನಗಳಿಂದ ಬೇರೆ ಬೇರೆ ದೇಶದ ಜನ ತುಂಡು ತುಂಡಾಗಿ ಕಂಡುಹಿಡಿದು ಇಟ್ಟಿದ್ದರು.

ಗಾಡಿಯ ಬಗ್ಗೆ ಎರಡು ಮಾತು. ಚೆಕ್ ದೇಶದ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಕಟ್ಟಿದ ಜಾವಾ ಕಂಪನಿಯ ಮೋಟಾರ್‌ಸೈಕಲ್ಲುಗಳು 1961ರಿಂದ ಮೈಸೂರಿನ ಯಾದವಗಿರಿಯಲ್ಲಿ, ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗತೊಡಗಿದವು. 1973ರಿಂದ ಅವುಗಳ ಮೇಲೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಗಾಡಿಗಳು ಮಾತ್ರ ಮುಚ್ಚಿಕೊಳ್ಳಲಿಲ್ಲ. 65 ಮಿಲಿಮೀಟರ್ ಅಗಲದ, 75 ಮಿಲಿಮೀಟರ್ ಓಟದ ಒಂದೇ ಪಿಸ್ಟನ್, 248.5 ಸಿಸಿ, ಎರಡು ಕಡೆಗೂ ಸೈಲೆನ್ಸರ್, ಕಿಕ್ ಹೊಡೆಯುವ ಸರಳೇ ಗೇರಿನ ಸರಳು. ಕೆಡುವ ಸಾಮಾನುಗಳು ಕಡಿಮೆ, ಬಿಚ್ಚಲು ಸುಲಭ. ಬೀದರ್ ಜಿಲ್ಲೆಯ ಎರೆಮಣ್ಣಿನ ದಾರಿಗಳಲ್ಲಿ ಹುಲ್ಲಿನ ಹೊರೆಯನ್ನೂ ಹಾಲಿನ ಕ್ಯಾನನ್ನೂ ಹೊತ್ತು ಬದುಕಿದ್ದು ಈ ಸರಳತನದಿಂದಲೇ.

ಯಜಮಾನರು ತಾವೇ ಬಲ್ಲ ಉಪಾಯ ಮಾಡಿಯೇ ಗ್ಯಾರೇಜಿಗೆ ಬಂದಿದ್ದರು. ಕ್ಲಚ್ ವೈರಿನಿಂದ ಒಂದು ಎಳೆ ಕಿತ್ತು, ಕಾರ್ಬೊರೇಟರಿನೊಳಗೆ ಪೆಟ್ರೋಲು ಚಿಮ್ಮುವ ಜೆಟ್ಟಿನ ತೂತಿಗೆ ಹಾಕಿ ಆಡಿಸುವುದು. ಮಿಸ್ತ್ರಿ ಅವರಿಗಿಂತ ತುಂಬ ಚಿಕ್ಕವನು.

“ಕಾಕಾ, ಜೆಟ್ಟಿಗಿ ಮತ್ತ ತಂತಿ ಹಾಕೀರೇನು?”

“ಹಾಕೀನಪ್ಪಾ. ಸಾಫ್ ಇದ್ರೂ ಎಳೀವಲ್ದು.”

“ಇನ್ನ ಮ್ಯಾಲ ಹಾಕಬ್ಯಾಡ್ರಿ. ತೂತ ದೊಡ್ಡದಾಗ್ತದ.”

ಹುಡುಗನ ಮಾತಿನಲ್ಲಿ ಲೆಕ್ಕವಿದೆ. ಜೆಟ್ಟಿನ ತೂತು ಒಂದು ಮಿಲಿಮೀಟರ್ ಇದ್ದು, ಉಕ್ಕಿನ ಎಳೆ ಹಿತ್ತಾಳೆಯನ್ನು ಕೆರೆದು ಕೆರೆದು ಅದು 1.05 ಮಿಲಿಮೀಟರ್ ಆಯಿತೆಂದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ತೂತಿನ ವಿಸ್ತೀರ್ಣ ಮಾತ್ರ ನೂರಕ್ಕೆ ಹತ್ತರಷ್ಟು ಹೆಚ್ಚಾಗಿರುತ್ತದೆ. ಜೆಟ್ ತೊಳೆಯಲು ಪೆಟ್ರೋಲು, ಗಾಳಿಯ ಪಂಪು, ಹೆಚ್ಚೆಂದರೆ ನೈಲಾನ್ ದಾರ ಸಾಕು.

ಆದರೂ ತಂತಿ ಹಾಕುವವರ ಬಗ್ಗೆ ನನಗೆ ಗೌರವವೇ ಇದೆ. ಆ ಉಪಾಯಕ್ಕೆ ದೊಡ್ಡ ವಂಶಾವಳಿ ಇದೆ. 1888ರ ಆಗಸ್ಟಿನಲ್ಲಿ ಬೆರ್ತಾ ಬೆಂಜ್ ಎಂಬ ಹೆಣ್ಣುಮಗಳು ಗಂಡ ಕಾರ್ಲ್ ಬೆಂಜನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಅವನು ಕಟ್ಟಿದ ಮೂರು ಗಾಲಿಯ ಮೋಟಾರು ಗಾಡಿಯನ್ನು ಮನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ಓಡಿಸಿದಳು. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ನಡುವೆ ಇಂಧನದ ನಾಳ ಕಟ್ಟಿಕೊಂಡಾಗ ಟೋಪಿಯ ಪಿನ್ನು ತೆಗೆದು ಚುಚ್ಚಿ ಬಿಡಿಸಿದಳು. ಇಂಧನ ಮುಗಿದಾಗ ವೀಸ್‌ಲೋಖ್ ಎಂಬ ಊರಿನ ಔಷಧದ ಅಂಗಡಿಯಲ್ಲಿ ಬಟ್ಟೆಯ ಕಲೆ ತೆಗೆಯುವ ಲಿಗ್ರೋಯಿನ್ ಕೊಂಡಳು. ಜಗತ್ತಿನ ಮೊದಲ ದೂರದ ಮೋಟಾರು ಪ್ರಯಾಣವನ್ನೂ ಮೊದಲ ರಸ್ತೆಬದಿಯ ರಿಪೇರಿಯನ್ನೂ ಮಾಡಿದ್ದು ಒಬ್ಬ ಗೃಹಿಣಿ. ಮೋಟಾರಿನ ಕತೆ ಹೇಳುವವರು ಗಂಡನ ಪೇಟೆಂಟಿನಿಂದ ಶುರುಮಾಡುತ್ತಾರೆ. ನನಗೆ ಆ ಪಿನ್ನಿನಿಂದ ಶುರುಮಾಡುವುದು ಸರಿ ಎನ್ನಿಸುತ್ತದೆ.

ಮಿಸ್ತ್ರಿ ಪಾನಾ ಮುಟ್ಟುವ ಮೊದಲು ಒಂದು ಪರೀಕ್ಷೆ ಮಾಡಿದ. ಇಂಜಿನ್ ಶುರುಮಾಡಿಸಿ, ರೇಸ್ ಕೊಡಿಸಿ, ಅದು ದಮ್ಮು ಕಟ್ಟುವ ಹೊತ್ತಿಗೆ ಗಾಳಿ ಒಳಹೋಗುವ ಬಾಯಿಗೆ ಅಂಗೈ ಅಡ್ಡ ಹಿಡಿದು ಅರ್ಧ ಮುಚ್ಚಿದ. ಇಂಜಿನ್ ಸತ್ತು ಹೋಗಬೇಕಾಗಿತ್ತು ಎಂದು ನಮಗೆ ಅನ್ನಿಸುತ್ತದೆ. ಅದು ಚೇತರಿಸಿಕೊಂಡು ಮೇಲೆದ್ದಿತು.

“ಹವಾ ಜಾಸ್ತಿ ಆಗ್ಲತ್ತದ ಕಾಕಾ. ಪೆಟ್ರೋಲ್ ಸಾಲವಲ್ದು.”

ಚೋಕ್ ಇರುವ ಗಾಡಿಯಾದರೆ ಚೋಕ್ ಎಳೆದು ಇದೇ ಪರೀಕ್ಷೆ ಮಾಡಬಹುದು. ಗಾಳಿ ತಡೆದಾಗ ಇಂಜಿನ್ ಸುಧಾರಿಸಿದರೆ ಮಿಶ್ರಣದಲ್ಲಿ ಪೆಟ್ರೋಲು ಕಡಿಮೆ ಇದೆ ಎಂದರ್ಥ. ಇನ್ನಷ್ಟು ಕುಸಿದರೆ ಪೆಟ್ರೋಲು ಹೆಚ್ಚಾಗಿದೆ: ಧೂಳು ತುಂಬಿದ ಏರ್ ಫಿಲ್ಟರ್, ಸವೆದ ಫ್ಲೋಟ್ ಸೂಜಿ, ದೊಡ್ಡದಾದ ಜೆಟ್ ಕಡೆ ನೋಡಬೇಕು. ಅರ್ಧ ನಿಮಿಷದ ಈ ಪರೀಕ್ಷೆ ಅರ್ಧ ದಿನದ ಕೆಲಸ ಉಳಿಸುತ್ತದೆ. ಸ್ನೋಮೊಬೈಲ್ ರಿಪೇರಿಯವರೂ ಮೊದಲು ಮಾಡುವುದು ಇದನ್ನೇ.

ಇದು ಯಾಕೆ ಇಷ್ಟು ಮುಖ್ಯ ಎಂದರೆ ಇಂಜಿನ್ ಕುಡಿಯುವುದು ಬಹುಪಾಲು ಗಾಳಿಯನ್ನು. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಲೀಟರಿನ ಲೆಕ್ಕದಲ್ಲಿ ಒಂದು ಲೀಟರ್ ಪೆಟ್ರೋಲಿಗೆ ಹತ್ತಿರಹತ್ತಿರ 9 ಸಾವಿರ ಲೀಟರ್ ಗಾಳಿ. ನಾವು ಟಾಕಿಗೆ ಹಾಕುವುದನ್ನು ಅಳೆಯುತ್ತೇವೆ, ಅದಕ್ಕೆ ದುಡ್ಡು ಕೊಡುತ್ತೇವೆ, ಹಾಗಾಗಿ ತೊಂದರೆ ಬಂದಾಗ ಪೆಟ್ರೋಲಿನ ದಾರಿಯನ್ನೇ ತಡಕಾಡುತ್ತೇವೆ. ಪುಕ್ಕಟೆ ಬರುವ ಗಾಳಿಯ ದಾರಿ ನೆನಪಿಗೆ ಬರುವುದಿಲ್ಲ.

ಗಾಳಿ ಮತ್ತು ಪೆಟ್ರೋಲನ್ನು ಹದವಾಗಿ ಕೂಡಿಸುವ ವಿದ್ಯೆ ಒಂದೇ ದಿನಕ್ಕೆ ಬಂದದ್ದಲ್ಲ. ಹರಿಯುವ ವಸ್ತುವಿನ ವೇಗ ಹೆಚ್ಚಿದಲ್ಲಿ ಒತ್ತಡ ಇಳಿಯುತ್ತದೆ ಎಂಬ ತತ್ವ ಡೇನಿಯಲ್ ಬರ್ನೂಲಿಯ 1738ರ ಪುಸ್ತಕದಿಂದ ಬಂತು. ನಡು ಸಣ್ಣಗಾದ ಕೊಳವೆಯಲ್ಲಿ ಇದು ಹೇಗೆ ಆಗುತ್ತದೆ ಎಂದು ಇಟಲಿಯ ಜೊವಾನ್ನಿ ಬತ್ತಿಸ್ತಾ ವೆಂಚುರಿ 1797ರಲ್ಲಿ ಬರೆದ. ಇಬ್ಬರಿಗೂ ಮೋಟಾರಿನ ಕನಸಿರಲಿಲ್ಲ. ಬೆಂಜ್ ತನ್ನ ಗಾಡಿಯಲ್ಲಿ ಈ ತತ್ವವನ್ನು ಬಳಸಲೂ ಇಲ್ಲ. ಇಂಧನದ ಮೇಲೆ ಗಾಳಿ ಹಾಯಿಸಿ, ಎದ್ದ ಆವಿಯನ್ನು ಇಂಜಿನ್ನಿಗೆ ಕೊಡುತ್ತಿದ್ದ. ನಿಧಾನಕ್ಕೆ ಒಂದೇ ವೇಗದಲ್ಲಿ ಓಡುವ ಇಂಜಿನ್ನಿಗೆ ಅದು ಸಾಕಾಗಿತ್ತು.

1893ರಲ್ಲಿ ಎರಡು ಊರುಗಳಲ್ಲಿ ಒಂದೇ ಯೋಚನೆ ಮೊಳಕೆಯೊಡೆಯಿತು. ಬುಡಾಪೆಸ್ಟಿನಲ್ಲಿ ದೊನಾತ್ ಬಾಂಕಿ ಮತ್ತು ಯಾನೋಶ್ ಚೊಂಕಾ ಆ ವರ್ಷದ ಫೆಬ್ರವರಿಯಲ್ಲಿ ತುಂತುರು ಕಾರ್ಬೊರೇಟರಿಗೆ ಪೇಟೆಂಟ್ ಅರ್ಜಿ ಹಾಕಿದರು. ಜರ್ಮನಿಯ ಕಾನ್‌ಶ್ಟಾಟಿನಲ್ಲಿ ಡೈಮ್ಲರನ ಜೊತೆಗಾರ ವಿಲ್‌ಹೆಲ್ಮ್ ಮೈಬಾಖ್ ಕೆಲವೇ ತಿಂಗಳ ಅಂತರದಲ್ಲಿ ಅದನ್ನೇ ಮಾಡಿದ. ಬಾಂಕಿಗೆ ದಾರಿಯಲ್ಲಿ ಹೂವು ಮಾರುವ ಹುಡುಗಿಯೊಬ್ಬಳು ನಾಳದಿಂದ ಊದಿ ಹೂಗಳಿಗೆ ನೀರು ಸಿಂಪಡಿಸುವುದನ್ನು ಕಂಡು ಈ ಉಪಾಯ ಹೊಳೆಯಿತೆಂದು ಹಂಗೇರಿಯಲ್ಲಿ ಒಂದು ದಂತಕತೆ ಇದೆ. ದಂತಕತೆ ಇರಲಿ, ವಸ್ತು ನಿಜ: ಒಂದು ಸಣ್ಣ ಬಟ್ಟಲು, ಅದರಲ್ಲಿ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟು, ಸಣ್ಣ ಕೊಳವೆಯ ನಡುವಿಗೆ ಚಾಚಿದ ಒಂದು ಜೆಟ್ಟು. ಭಾಲ್ಕಿಯ ಗ್ಯಾರೇಜುಗಳಲ್ಲಿ ದಿನವೂ ಬಿಚ್ಚಿಕೊಳ್ಳುವುದು ಇವೇ ಮೂರು ಸಾಮಾನು.

ತುಂತುರು ಸಿಕ್ಕಿತು, ಜೊತೆಗೇ ಈ ಕಾಯಿಲೆಯೂ ಹುಟ್ಟಿತು. ರೇಸ್ ಕೊಟ್ಟಾಗ ಒಳಬರುವ ಎರಡರಲ್ಲಿ ಗಾಳಿ ಹಗುರ, ಪೆಟ್ರೋಲು ಭಾರ. ಕೊರಳ ಹಗ್ಗ ಬಿಚ್ಚಿದ ಕರುವಿನ ಹಾಗೆ ಗಾಳಿ ಜಿಗಿದು ಓಡುತ್ತದೆ, ಮುದಿ ಎತ್ತಿನ ಹಾಗೆ ಪೆಟ್ರೋಲು ಹಿಂದೆ ಉಳಿಯುತ್ತದೆ. ಬಾಯಿ ಒಮ್ಮೆಲೇ ತೆರೆದದ್ದರಿಂದ ಜೆಟ್ಟಿನ ಮೇಲಿನ ಸೆಳೆತವೂ ಒಂದು ಕ್ಷಣ ಬಿದ್ದು ಹೋಗುತ್ತದೆ. ಸಿಲಿಂಡರಿಗೆ ಹೋಗುವುದು ಬರೀ ಗಾಳಿ. ಇಂಜಿನ್ ಕುಸಿಯುತ್ತದೆ. ಇನ್ನೊಂದು ಕಡೆ, ವೇಗ ತೀರ ಹೆಚ್ಚಾದಾಗ ಬರೀ ಒಂದು ಜೆಟ್ಟಿನ ಕಾರ್ಬೊರೇಟರು ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲು ಎಳೆಯುತ್ತದೆ. ಒಂದು ತುದಿಯಲ್ಲಿ ಉಪವಾಸ, ಇನ್ನೊಂದು ತುದಿಯಲ್ಲಿ ಅಜೀರ್ಣ.

ಇದನ್ನು ಬಿಡಿಸಲು ಕೂತವರ ಸಾಲು ನೋಡಿದರೆ ಸಂತೋಷವಾಗುತ್ತದೆ. ಫ್ರಾನ್ಸಿನ ಆರ್ಥರ್ ಕ್ರೆಬ್ಸ್ 1902ರಲ್ಲಿ, ವೇಗಕ್ಕೆ ತಕ್ಕಂತೆ ತಾನೇ ತೆರೆದುಕೊಂಡು ಹೆಚ್ಚಿನ ಗಾಳಿ ಬಿಡುವ ಒಂದು ಕವಾಟ ಮಾಡಿದ. ಲಿಯೋನ್ ನಗರದ ಫ್ರಾಂಸ್ವಾ ಬಾವೆರೆ 1906ರಲ್ಲಿ ಎರಡನೆಯ ಜೆಟ್ಟು ಸೇರಿಸಿದ: ಒಂದು ಹೆಚ್ಚು ಕೊಡುವಾಗ ಇನ್ನೊಂದು ಕಡಿಮೆ ಕೊಟ್ಟು ಸರಿದೂಗಿಸುತ್ತದೆ. ಜೆನಿತ್ ಕಾರ್ಬೊರೇಟರ್ ಬಂದದ್ದು ಅಲ್ಲಿಂದ. ಇಂಗ್ಲೆಂಡಿನ ಜಾರ್ಜ್ ಹರ್ಬರ್ಟ್ ಸ್ಕಿನ್ನರ್ ಪಾದರಕ್ಷೆಯ ವ್ಯಾಪಾರಿಯ ಮನೆಯ ಹುಡುಗ. ತೊಗಲಿನ ನಡುವೆ ಬೆಳೆದವನಿಗೆ ಉಪಾಯ ಹೊಳೆದದ್ದೂ ತೊಗಲಿನಲ್ಲೇ. 1905ರಲ್ಲಿ ಅವನು ಪೇಟೆಂಟಿಗೆ ಅರ್ಜಿ ಹಾಕಿದ ಕಾರ್ಬೊರೇಟರಿನಲ್ಲಿ ತೊಗಲಿನ ತಿದಿಯೊಂದು ಇಂಜಿನ್ ಎಳೆದಷ್ಟಕ್ಕೆ ಮಾತ್ರ ಬಾಯಿ ತೆರೆಯುತ್ತಿತ್ತು. ಸವಾರ ಎಷ್ಟೇ ಅವಸರ ಮಾಡಿದರೂ ಗಾಳಿ ಮುಂದೆ ನುಗ್ಗುವಂತಿಲ್ಲ. ಅದೇ ಎಸ್‌ಯು ಕಾರ್ಬೊರೇಟರ್.

ಮೋಟಾರ್‌ಸೈಕಲ್ಲಿನವರು ಹಿಡಿದದ್ದು ಬೇರೆ ದಾರಿ. 1927ರಲ್ಲಿ ಇಂಗ್ಲೆಂಡಿನ ಮೂರು ಕಂಪನಿಗಳು ಸೇರಿ ಅಮಲ್ ಆಯಿತು. 1960ರಲ್ಲಿ ಜಪಾನಿನ ಮಿಕುನಿ ಅಮಲ್ ಕಡೆಯಿಂದ ಪರವಾನಗಿ ಪಡೆಯಿತು. ಹಳೆಯ ಸ್ನೋಮೊಬೈಲುಗಳ ಮೇಲೆ ಹೆಚ್ಚಾಗಿ ಕಾಣುವ ಕಾರ್ಬೊರೇಟರ್ ಆ ಸಂತತಿಯದೇ, ಯೆಜ್ಡಿಯದೂ ಅದೇ ಬಗೆಯದು. ಇದರಲ್ಲಿ ಆಕ್ಸಿಲರೇಟರ್ ವೈರು ಒಂದು ಉರುಟು ಸ್ಲೈಡನ್ನು ಎತ್ತುತ್ತದೆ. ಸ್ಲೈಡಿನ ತಳದಲ್ಲಿ ಓರೆಯಾಗಿ ಕತ್ತರಿಸಿದ ಬಾಯಿ, ನಡುವಿನಿಂದ ತೂಗುವ ಒಂದು ಮೊನಚು ಸೂಜಿ. ರೇಸಿನ ಮೊದಲ ಎಂಟನೇ ಒಂದು ಭಾಗ ಪೈಲಟ್ ಜೆಟ್ಟಿನ ಕೈಯಲ್ಲಿ, ಅಲ್ಲಿಂದ ಕಾಲುಭಾಗದವರೆಗೆ ಸ್ಲೈಡಿನ ಓರೆಯ ಕೈಯಲ್ಲಿ, ಕಾಲಿನಿಂದ ಮುಕ್ಕಾಲಿನವರೆಗೆ ಸೂಜಿಯ ಕೈಯಲ್ಲಿ, ಅದರಾಚೆ ಮೇನ್ ಜೆಟ್ಟಿನ ಕೈಯಲ್ಲಿ. ಗಡಿಗಳು ಒಂದರ ಮೇಲೊಂದು ಸ್ವಲ್ಪ ಹಾಯ್ದಿರುತ್ತವೆ. ಆದರೂ ಈ ಹಂಚಿಕೆ ಗೊತ್ತಿದ್ದವನಿಗೆ ಯಾವ ಸಾಮಾನು ಬಿಚ್ಚಬೇಕೆಂದು ಬಿಚ್ಚುವ ಮೊದಲೇ ತಿಳಿಯುತ್ತದೆ.

ಭಾತಂಬ್ರಾದ ಮಿಸ್ತ್ರಿಗೆ ಇದು ಗೊತ್ತಿತ್ತು. ಹ್ಯಾಂಡಲಿನ ಹಿಡಿಯ ಮೇಲೆ ಸ್ಕೆಚ್ ಪೆನ್ನಿನಿಂದ ಕಾಲು, ಅರ್ಧ, ಮುಕ್ಕಾಲು ಎಂದು ಗೆರೆ ಎಳೆದ. ಎದುರಿಗೆ ಕದಲದ ಒಂದು ಗೆರೆ. ಭಾಲ್ಕಿ ರಸ್ತೆಯಲ್ಲಿ ಓಡಿಸಿ ಯಾವ ಗೆರೆಯಲ್ಲಿ ದಮ್ಮು ಕಟ್ಟುತ್ತದೆಂದು ನೋಡಿದ. ಜೆಟ್ಟಿನ ದೋಷವಾದರೆ ಒಂದು ಗೆರೆಯ ಆಸುಪಾಸು ಮಾತ್ರ ಆಗಬೇಕು. ಈ ಗಾಡಿ ಎಲ್ಲ ಗೆರೆಗಳಲ್ಲೂ ಕುಸಿಯುತ್ತಿತ್ತು. ಇನ್ನೊಂದು ಲಕ್ಷಣ: ಬಿಸಿಯಾದ ಮೇಲೆ ರೇಸ್ ಪೂರ್ತಿ ಬಿಟ್ಟರೂ ಇಂಜಿನ್ ಕೂಡಲೇ ಕೆಳಗಿಳಿಯದೆ ಕೆಲವು ಕ್ಷಣ ಮೇಲೇ ತೂಗಾಡುತ್ತಿತ್ತು. ಪ್ಲಗ್ ಬಿಚ್ಚಿದಾಗ ಅದರ ಪಿಂಗಾಣಿ ಕಂದು ಇರಲಿಲ್ಲ, ಸುಣ್ಣದ ಬಿಳುಪಾಗಿತ್ತು. ಪಾಯಿಂಟಿನ ಸಂದು 0.4 ಮಿಲಿಮೀಟರ್ ಸರಿಯಾಗಿತ್ತು, ಕಿಡಿ ನೀಲಿಯಾಗಿತ್ತು, ಟಾಕಿಯ ಕಾಕಿನಿಂದ ಪೆಟ್ರೋಲು ಧಾರಾಳವಾಗಿ ಇಳಿಯುತ್ತಿತ್ತು.

“ಕಾರ್ಬೊರೇಟರ್ ತನ್ನ ಕೆಲಸ ಛಂದ್ ಮಾಡ್ಲತ್ತದ. ಅದಕ್ಕ ಹೇಳದೇ ಹವಾ ಎಲ್ಲಿಂದೋ ಕಳ್ಳದಾರೀಲಿಂದ ಒಳಗ ಹೊಂಟದ.”

ಕಳ್ಳದಾರಿ ಎಲ್ಲಿರಬಹುದು ಎಂದು ತಿಳಿಯಲು ಟೂ-ಸ್ಟ್ರೋಕ್ ಇಂಜಿನ್ ಹುಟ್ಟಿದ ಬಗೆ ತಿಳಿಯಬೇಕು. ಗ್ಲಾಸ್ಗೋದ ಡುಗಾಲ್ಡ್ ಕ್ಲರ್ಕ್ 1881ರಲ್ಲಿ ಪೇಟೆಂಟ್ ಪಡೆದ ಇಂಜಿನ್ನಿನಲ್ಲಿ ಹೊಸ ಮಿಶ್ರಣವನ್ನು ತುಂಬಲು ಬೇರೆಯದೇ ಒಂದು ಪಂಪ್ ಸಿಲಿಂಡರ್ ಇತ್ತು. ಇಂಗ್ಲೆಂಡಿನ ಬಾತ್ ಪಟ್ಟಣದ ಜೋಸೆಫ್ ಡೇ ಆ ಪಂಪನ್ನೇ ಕಿತ್ತು ಹಾಕಿದ. ಪಿಸ್ಟನ್ನಿನ ಮೇಲ್ಭಾಗ ಕೆಲಸ ಮಾಡುವಾಗ ಕೆಳಭಾಗ ಸುಮ್ಮನೆ ಇರುತ್ತದಲ್ಲ, ಅದರಿಂದಲೂ ಕೆಲಸ ಮಾಡಿಸಿದರೆ? ಕ್ರ್ಯಾಂಕ್ ತಿರುಗುವ ಕೆಳಗಿನ ಗೂಡನ್ನು ಗಾಳಿ ಆಡದಂತೆ ಮುಚ್ಚಿದ. ಪಿಸ್ಟನ್ ಮೇಲೆ ಹೋದಾಗ ಗೂಡು ಉಸಿರೆಳೆಯುತ್ತದೆ, ಕೆಳಗೆ ಬಂದಾಗ ಆ ಉಸಿರನ್ನು ಸಿಲಿಂಡರಿನ ಮೇಲಕ್ಕೆ ತಳ್ಳುತ್ತದೆ. ಇದು 1891ರ ಪೇಟೆಂಟ್. ಮರುವರ್ಷ ಅವನ ಕಾರ್ಖಾನೆಯ ಕೆಲಸಗಾರ ಫ್ರೆಡರಿಕ್ ಕಾಕ್ ಉಳಿದಿದ್ದ ಕವಾಟವನ್ನೂ ತೆಗೆಸಿದ. ಸಿಲಿಂಡರಿನ ಗೋಡೆಗೆ ಸರಿಯಾದ ಎತ್ತರದಲ್ಲಿ ಕಿಂಡಿ ಕೊರೆದರೆ, ಪಿಸ್ಟನ್ನಿನ ಲಂಗವೇ ಅದನ್ನು ಮುಚ್ಚಿ ತೆರೆದು ಮಾಡುತ್ತದೆ. ಕವಾಟವಿಲ್ಲ, ಕ್ಯಾಮ್ ಇಲ್ಲ, ಪಂಪಿಲ್ಲ. ಯೆಜ್ಡಿ, ಲೂನಾ, ಚೇತಕ್ ಸ್ಕೂಟರು, ಹಳೆಯ ಟಿವಿಎಸ್ 50, ಇವೆಲ್ಲ ಈ ವಂಶವೃಕ್ಷದ ಕೊಂಬೆಗಳು. ಡೇ ಮುಂದೆ ಸಂಪತ್ತು ಕಳೆದುಕೊಂಡು, ಹೆಚ್ಚುಕಡಿಮೆ ಎಲ್ಲರಿಗೂ ಮರೆತುಹೋದವನಾಗಿ 1946ರಲ್ಲಿ ತೀರಿಕೊಂಡ. ಕಾಕ್ ಎಂಬ ಕೆಲಸಗಾರನನ್ನು ನೆನೆಯುವವರಂತೂ ಇನ್ನೂ ಕಡಿಮೆ. ಜಗತ್ತಿನ ಎಷ್ಟು ಬಡವರ ಗಾಡಿಗಳನ್ನು ಅವನ ಆ ಕಿಂಡಿ ಓಡಿಸಿದೆ ಎಂದು ನೆನೆದರೆ ಇದು ಅನ್ಯಾಯವೇ ಸರಿ.

ಹೀಗಾಗಿ ಟೂ-ಸ್ಟ್ರೋಕಿನಲ್ಲಿ ಕ್ರ್ಯಾಂಕಿನ ಗೂಡು ಬರೀ ಆಯಿಲ್ ಹಿಡಿಯುವ ಡಬ್ಬಿ ಅಲ್ಲ, ಇಂಜಿನ್ನಿನ ಶ್ವಾಸಕೋಶ ಅದೇ. ಅದರ ಎರಡು ಬದಿಗೂ ಕ್ರ್ಯಾಂಕಿನ ದಂಡ ಹೊರಗೆ ಬರಬೇಕು. ದಂಡ ತಿರುಗುತ್ತಿರಬೇಕು, ಗಾಳಿ ಮಾತ್ರ ನುಸುಳಬಾರದು. ಆ ಕೆಲಸ ಆಯಿಲ್ ಸೀಲಿನದು. ಸೀಲಿನ ಹುಟ್ಟೂ ತೊಗಲಿನ ಮನೆಯಲ್ಲೇ. ಆಸ್ಟ್ರಿಯದ ವಾಲ್ಟರ್ ಸಿಮ್ಮರ್ ಯೋಚಿಸಿದ ತಿರುಗುವ ದಂಡದ ಸೀಲನ್ನು 1930ರ ದಶಕದಲ್ಲಿ ಜರ್ಮನಿಯ ವೈನ್‌ಹೈಮಿನ ಫ್ರಾಯ್ಡನ್‌ಬರ್ಗ್ ಎಂಬ ಚರ್ಮ ಹದಮಾಡುವ ಕಂಪನಿ ತೊಗಲಿನಲ್ಲಿ ತಯಾರಿಸಿತು. ಅದೇ ದಶಕದಲ್ಲಿ ತೊಗಲಿನ ಬದಲು ಕೃತಕ ರಬ್ಬರು ಬಂತು. ಈಗ ಅಗ್ಗಕ್ಕೆ ಸಿಗುವ ಆ ಕಪ್ಪು ಬಳೆಯ ಒಳತುಟಿ ಕ್ರ್ಯಾಂಕ್ ದಂಡವನ್ನು ಸದಾ ಅಪ್ಪಿಕೊಂಡಿರುತ್ತದೆ. ವರ್ಷಗಳ ಬಿಸಿಗೆ ರಬ್ಬರು ಗಟ್ಟಿಯಾಗುತ್ತದೆ, ತುಟಿ ಬಿಗಿ ಕಳೆದುಕೊಳ್ಳುತ್ತದೆ. ನಾಲ್ಕು ದಶಕ ಓಡಿದ ಯಾವ ಗಾಡಿಯಲ್ಲೂ ಇದು ಆಗಲೇಬೇಕಾದ ಸವೆತ.

ಫೋರ್-ಸ್ಟ್ರೋಕಿನಲ್ಲಿ ಸೀಲ್ ಹೋದರೆ ಕೆಳಗೆ ಆಯಿಲ್ ತೊಟ್ಟಿಕ್ಕಿ ತಾನೇ ಹೇಳುತ್ತದೆ. ಟೂ-ಸ್ಟ್ರೋಕಿನಲ್ಲಿ ಎಲ್ಲಿ ಹೋಗಿದೆ ಎಂಬುದರ ಮೇಲೆ ಲಕ್ಷಣ ಬದಲಾಗುತ್ತದೆ. ಯೆಜ್ಡಿಯ ಎಡಗಡೆ ಕ್ಲಚ್ಚು ಮತ್ತು ಪ್ರೈಮರಿ ಚೈನು ಆಯಿಲಿನಲ್ಲಿ ಮುಳುಗಿರುತ್ತವೆ. ಆ ಬದಿಯ ಸೀಲ್ ಹೋದರೆ ಇಂಜಿನ್ ಗೇರ್ ಆಯಿಲನ್ನೇ ಕುಡಿದು ದಟ್ಟ ಬಿಳಿ ಹೊಗೆ ಬಿಡುತ್ತದೆ. ಬಲಗಡೆ ಡೈನಮೋ ಇರುವ ಜಾಗ ಒಣ. ಅಲ್ಲಿನ ಸೀಲ್ ಹೋದರೆ ಹೊಗೆ ಇಲ್ಲ, ಸೋರಿಕೆ ಇಲ್ಲ, ಕಲೆಯೂ ಇಲ್ಲ. ಬರೀ ಗಾಳಿ ಒಳಗೆ ಹೋಗುತ್ತದೆ. ಕಾರ್ಬೊರೇಟರು ತನ್ನ ಮೂಲಕ ಬಂದ ಗಾಳಿಗೆ ತಕ್ಕ ಪೆಟ್ರೋಲು ಕೊಡುತ್ತದೆ, ಹಿಂಬಾಗಿಲಿನಿಂದ ಬಂದದ್ದರ ಲೆಕ್ಕ ಅದಕ್ಕೆ ಇಲ್ಲ. ದೋಷ ಕಣ್ಣಿಗೆ ಬೀಳದೇ ಇರುವುದು ಇದಕ್ಕೇ. ಅಪಾಯವೂ ಇದೆ. ಟೂ-ಸ್ಟ್ರೋಕಿನಲ್ಲಿ ಆಯಿಲ್ ಪೆಟ್ರೋಲಿನ ಜೊತೆಗೇ ಬರುವುದು. ಪೆಟ್ರೋಲು ಕಡಿಮೆಯಾದರೆ ಬಿಸಿ ಹೆಚ್ಚುತ್ತದೆ, ಆಯಿಲೂ ಕಡಿಮೆಯಾಗುತ್ತದೆ. ಹಾಗೇ ಓಡಿಸುತ್ತ ಹೋದರೆ ಒಂದು ದಿನ ಪಿಸ್ಟನ್ ಸೀಜ್.

ಸ್ನೋಮೊಬೈಲಿನಲ್ಲೂ ಕಳ್ಳದಾರಿ ಇದೇ ಬಗೆಯದು. ಅಂಥ ಗಾಡಿಗಳನ್ನು ಕಟ್ಟಿದ ಕೆನಡಾದ ಕ್ಯುಬೆಕ್ ಪ್ರಾಂತದ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯೆ ಗ್ಯಾರೇಜು ಇಟ್ಟುಕೊಂಡಿದ್ದವನು. 1934ರ ಚಳಿಗಾಲದಲ್ಲಿ ಹಿಮ ದಾರಿ ಮುಚ್ಚಿ, ಆಸ್ಪತ್ರೆಗೆ ಒಯ್ಯಲಾಗದೆ ಅವನ ಎರಡು ವರ್ಷದ ಮಗ ತೀರಿಕೊಂಡ. ಹಿಮದ ಮೇಲೆ ಓಡುವ ಗಾಡಿಯ ಪ್ರಯೋಗದಲ್ಲಿ ಮೊದಲೇ ತೊಡಗಿದ್ದ ತಂದೆ ಹಠ ಹಿಡಿದು ಕೂತ. 1937ರಲ್ಲಿ ಏಳು ಜನ ಕೂರುವ ಗಾಡಿಗೆ ಪೇಟೆಂಟ್ ಬಂತು, 1959ರಲ್ಲಿ ಸ್ಕೀ-ಡೂ ಎಂಬ ಚಿಕ್ಕ ಗಾಡಿ. ಸ್ವಲ್ಪ ಕಾಲದಲ್ಲೇ ಹಗುರ ಎಂಬ ಕಾರಣಕ್ಕೆ ಟೂ-ಸ್ಟ್ರೋಕ್ ಇಂಜಿನ್ನೇ ಅದರ ಉಸಿರಾಯಿತು. ಅಂಥ ಹಳೆಯ ಗಾಡಿಗಳಲ್ಲಿ ಕಾರ್ಬೊರೇಟರನ್ನು ಇಂಜಿನ್ನಿಗೆ ಜೋಡಿಸುವ ರಬ್ಬರ್ ಕೊಳವೆ ಚಳಿಗೆ ಬಿರಿಯುತ್ತದೆ, ಕ್ರ್ಯಾಂಕ್ ಸೀಲ್ ಗಟ್ಟಿಯಾಗುತ್ತದೆ. ಬಿಸಿಯಿಂದಾಗಲಿ ಚಳಿಯಿಂದಾಗಲಿ, ಕಡೆಗೆ ಸೋಲುವುದು ರಬ್ಬರು.

ಗುಮಾನಿ ಇದ್ದರೆ ಸಾಲದು, ಕಣ್ಣಾರೆ ನೋಡಬೇಕು. ಮಿಸ್ತ್ರಿ ಕಾರ್ಬೊರೇಟರನ್ನೂ ಸೈಲೆನ್ಸರುಗಳನ್ನೂ ತೆಗೆದ. ಸೈಕಲ್ ಟ್ಯೂಬ್ ಕತ್ತರಿಸಿ, ಅದರ ಮೇಲೆ ತಗಡಿನ ತುಂಡು ಒತ್ತಿ, ಎಕ್ಸಾಸ್ಟಿನ ಎರಡೂ ಬಾಯಿ ಬಿಗಿದ. ಕಾರ್ಬೊರೇಟರ್ ಕೂರುವ ಬಾಯಿಗೆ ವಾಲ್ವ್ ಇರುವ ಟ್ಯೂಬಿನ ತುಂಡನ್ನು ಹಾಗೇ ಕಟ್ಟಿದ. ಪಿಸ್ಟನ್ನನ್ನು ಕೆಳಗಿನ ತುದಿಗೆ ತಂದ, ಅಲ್ಲಿ ಗೂಡೂ ಸಿಲಿಂಡರೂ ಒಂದಕ್ಕೊಂದು ತೆರೆದಿರುತ್ತವೆ. ಆದರೆ ಹಾಗಿದ್ದಾಗ ಕಾರ್ಬೊರೇಟರಿನ ಕಿಂಡಿಯನ್ನು ಪಿಸ್ಟನ್ ಮುಚ್ಚಿರುತ್ತದೆ. ಆದ್ದರಿಂದ ಗಾಳಿಯನ್ನು ಪ್ಲಗ್ಗಿನ ತೂತಿನಿಂದ ಕೊಡಬೇಕು ಎಂದು ಹೊಳೆದು, ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಉಳಿದ ಚಿಪ್ಪಿಗೆ ಸೈಕಲ್ ವಾಲ್ವ್ ಕೂರಿಸಿದ. ಕೈಪಂಪಿನಿಂದ ಮೆಲ್ಲಗೆ ಊದಿದ. ಇಲ್ಲಿ ಜಾಸ್ತಿ ಒತ್ತಡ ಕೂಡದು, ಸೀಲಿನ ತುಟಿಯೇ ಮಗುಚಿಕೊಳ್ಳುತ್ತದೆ. ಆರು ಪಿಎಸ್‌ಐ ಸುತ್ತಮುತ್ತ ಸಾಕು. ಆರೋಗ್ಯದ ಇಂಜಿನ್ ಆ ಒತ್ತಡವನ್ನು ಹಲವು ನಿಮಿಷ ಹಿಡಿದಿಡುತ್ತದೆ. ಇದು ನೋಡನೋಡುತ್ತಲೇ ಬಿಟ್ಟುಕೊಟ್ಟಿತು.

ಆಮೇಲೆ ಪಂಕ್ಚರ್ ಹುಡುಕುವ ಕೆಲಸ. ಬಟ್ಟೆ ಸೋಪಿನ ನೀರನ್ನು ಬ್ರಷ್ಷಿನಿಂದ ಸಿಲಿಂಡರಿನ ತಳದ ಪ್ಯಾಕಿಂಗಿಗೆ, ಹೆಡ್ಡಿಗೆ, ಎರಡು ಅರೆಗೂಡು ಕೂಡುವ ಗೆರೆಗೆ ಹಚ್ಚುತ್ತ ಬಂದ. ಎಲ್ಲೂ ಏನೂ ಇಲ್ಲ. ಡೈನಮೋ ತೆಗೆದು ಕ್ರ್ಯಾಂಕಿನ ಬಲ ತುದಿಗೆ ಹಚ್ಚಿದಾಗ ದಂಡದ ಸುತ್ತ ಒಂದು ಮಗ್ಗುಲಲ್ಲಿ ನೊರೆ ಉಬ್ಬಿತು, ಒಡೆಯಿತು, ಮತ್ತೆ ಉಬ್ಬಿತು. ಕಾಕಾ ಬಗ್ಗಿ ನೋಡಿದರು.

“ಇದು ಕಾರ್ಬೊರೇಟರಿಂದ ಇಷ್ಟ ದೂರ ಅದ. ಇಲ್ಲಿಂದ ಹವಾ ಹೋಗಿ ಅಲ್ಲಿ ಎಳೀವಲ್ದಾ?”

“ಹೌದ್ರಿ ಕಾಕಾ. ಇಂಜಿನ್ನಿಗಿ ಎಲ್ಲಾ ಬಾಗಲಾ ಒಂದೇ.”

ಸೀಲ್ ಬದಲಾಯಿಸುವುದರಲ್ಲಿ ಹೇಳುವಂಥ ವಿಶೇಷವಿಲ್ಲ. ಹೊಸದರ ತುಟಿಗೆ ಆಯಿಲ್ ಸವರಿ, ಓರೆಯಾಗದಂತೆ ಮೆಲ್ಲಗೆ ತಟ್ಟಿ ಕೂರಿಸಬೇಕು. ದಂಡದ ಮೇಲೆ ಗೀರು ಇದ್ದರೆ ನುಣ್ಣನೆಯ ಪಾಲಿಶ್ ಪೇಪರಿನಿಂದ ಉಜ್ಜಬೇಕು, ಇಲ್ಲದಿದ್ದರೆ ಹೊಸ ತುಟಿಯೂ ಬೇಗ ಹರಿಯುತ್ತದೆ. ಎಡಗಡೆಯದೂ ಅದೇ ವಯಸ್ಸಿನದಾದ್ದರಿಂದ ಅದನ್ನೂ ಬದಲಾಯಿಸಿದ. ಮತ್ತೆ ಊದಿ, ಒತ್ತಡ ನಿಂತದ್ದು ಖಾತ್ರಿಯಾದ ಮೇಲೆಯೇ ಉಳಿದದ್ದನ್ನು ಜೋಡಿಸಿದ.

ಹೇಗೂ ಬಿಚ್ಚಿದ್ದರಿಂದ ಎಕ್ಸಾಸ್ಟ್ ಕಿಂಡಿಯ ಸುತ್ತ ಕಟ್ಟಿದ್ದ ಕರಿಯನ್ನು ಕೆರೆದ, ಸೈಲೆನ್ಸರಿನ ಒಳಗಿನ ಜಾಲರಿಗಳನ್ನು ಬೆಂಕಿಯಲ್ಲಿ ಸುಟ್ಟು ಉದುರಿಸಿದ. ಉಸಿರು ಬಿಡುವ ದಾರಿ ಕಟ್ಟಿದರೂ ದಮ್ಮು ಕಟ್ಟುತ್ತದೆ. ಟೂ-ಸ್ಟ್ರೋಕಿಗೆ ಹೊಗೆಕೊಳವೆ ಎಷ್ಟು ಮುಖ್ಯ ಎಂದು ಲೋಕಕ್ಕೆ ತೋರಿಸಿದವನು ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯ ವಾಲ್ಟರ್ ಕಾಡನ್. ಕೊಳವೆಯೊಳಗೆ ಹಿಂದಕ್ಕೂ ಮುಂದಕ್ಕೂ ಓಡಾಡುವ ಒತ್ತಡದ ಅಲೆಗಳನ್ನು ಅಳೆದು, ಕೊಳವೆಯ ಆಕಾರ ಬದಲಾಯಿಸಿ, ಹೊರಗೆ ತಪ್ಪಿಸಿಕೊಂಡು ಹೋಗುವ ಹೊಸ ಮಿಶ್ರಣವನ್ನು ಅಲೆಯಿಂದಲೇ ಸಿಲಿಂಡರಿಗೆ ವಾಪಸು ತಳ್ಳಿಸಿದ. 1961ರ ಹೊತ್ತಿಗೆ ಬರೀ 125 ಸಿಸಿಯಿಂದ 25 ಅಶ್ವಶಕ್ತಿ ತೆಗೆದಿದ್ದ. ಆ ಸೆಪ್ಟೆಂಬರಿನಲ್ಲಿ ಅವನ ಸವಾರ ಅರ್ನ್‌ಸ್ಟ್ ಡೆಗ್ನರ್ ಸ್ವೀಡನ್ ರೇಸಿನ ಹೊತ್ತಿಗೆ ದೇಶ ಬಿಟ್ಟು ಓಡಿ ಸುಜುಕಿ ಸೇರಿದ, ಈ ವಿದ್ಯೆಯೂ ಅವನ ಜೊತೆ ಹೋಯಿತು, ಮರುವರ್ಷ ಸುಜುಕಿಗೆ 50 ಸಿಸಿಯ ವಿಶ್ವಪಟ್ಟ ಬಂತು.

ಸೀಲ್ ಹೊಸದಾಯಿತು, ಗಾಡಿ ಎಳೆಯತೊಡಗಿತು. ಆದರೂ ಪ್ಲಗ್ಗಿನ ಬಣ್ಣ ಇನ್ನೂ ಸ್ವಲ್ಪ ಬಿಳುಪಿಗೇ ವಾಲಿತ್ತು. ಇದಕ್ಕೆ ಕಾರಣ ಗಾಡಿಯ ಹೊರಗಿದೆ. ಈ ಕಾರ್ಬೊರೇಟರಿನ ಜೆಟ್ಟುಗಳ ಅಳತೆ ಗೊತ್ತುಮಾಡಿದ ಕಾಲದಲ್ಲಿ ಪೆಟ್ರೋಲೆಂದರೆ ಬರೀ ಪೆಟ್ರೋಲು. 2025ರ ಹೊತ್ತಿಗೆ ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಸೇರಿದೆ. ಬೀದರಿನಂಥ ಕಬ್ಬಿನ ಜಿಲ್ಲೆಗೆ ಅದರಿಂದ ಲಾಭವಿದೆ, ಅದು ಸಣ್ಣ ಮಾತಲ್ಲ. ಆದರೆ ಎಥೆನಾಲ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡಿರುತ್ತದೆ. ಒಂದು ಕಿಲೋ ಎಥೆನಾಲಿಗೆ 9 ಕಿಲೋ ಗಾಳಿ ಸಾಕು. ಈ ಮಿಶ್ರಣಕ್ಕೆ 14.7ರ ಬದಲು ಸುಮಾರು 13.5. ಅದೇ ಹಳೆಯ ಜೆಟ್ಟು ಇಟ್ಟರೆ ಪೆಟ್ರೋಲು ನೂರಕ್ಕೆ ಏಳೆಂಟರಷ್ಟು ಕಡಿಮೆ ಬಿದ್ದ ಹಾಗೆ. ಮಿಸ್ತ್ರಿ ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದಕ್ಕೆ ಬದಲಾಯಿಸಿದ, ಸೂಜಿಯ ಕ್ಲಿಪ್ಪನ್ನು ಒಂದು ಕಚ್ಚು ಕೆಳಗಿಳಿಸಿದ. ಕ್ಲಿಪ್ ಇಳಿದರೆ ಸೂಜಿ ಮೇಲೇರಿ ಪೆಟ್ರೋಲು ಹೆಚ್ಚು ಬರುತ್ತದೆ. ಪ್ಲಗ್ ಕಂದಾಯಿತು.

ಎಥೆನಾಲಿಗೆ ನೀರಿನ ಆಸೆಯೂ ಇದೆ. ಮಳೆಗಾಲದಲ್ಲಿ ಅರ್ಧ ಖಾಲಿ ಟಾಕಿಯೊಳಗಿನ ತೇವವನ್ನು ಹೀರುತ್ತದೆ. ನೀರು ಮಿತಿ ಮೀರಿದರೆ ಎಥೆನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಕಾಕು ಮೊದಲು ಎಳೆಯುವುದು ಆ ತಳದ್ದನ್ನೇ. ಬೇಸಿಗೆಗೆ ಸ್ನೋಮೊಬೈಲ್ ಮೂಲೆಗಿಡುವವರು ಕಾರ್ಬೊರೇಟರಿನ ಬಟ್ಟಲು ಖಾಲಿ ಮಾಡಿ ಇಡುವುದು, ಇಂಧನ ಹಳತಾಗಿ ಪೈಲಟ್ ಜೆಟ್ಟಿನಲ್ಲಿ ಅಂಟಾಗಬಾರದೆಂದು. ಎರಡು ವಾರಕ್ಕಿಂತ ಹೆಚ್ಚು ಗಾಡಿ ನಿಲ್ಲಿಸುವುದಾದರೆ ಕಾಕು ಬಂದ್ ಮಾಡಿ, ಬಟ್ಟಲಿನ ಪೆಟ್ರೋಲು ಮುಗಿದು ಇಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ ಎಂದು ಮಿಸ್ತ್ರಿ ಕಾಕಾನಿಗೂ ಹೇಳಿದ. ಟಾಕಿ ತುಂಬಿಸಿಡಿ, ಆಯಿಲ್ ಬೆರೆಸಿದ ಪೆಟ್ರೋಲನ್ನು ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಏರ್ ಫಿಲ್ಟರನ್ನು ಕಬ್ಬು ಕಡಿಯುವ ಕಾಲದಲ್ಲಿ ಧೂಳು ಹೆಚ್ಚೆಂದು ಬೇಗ ಬೇಗ ತೊಳೆಯಿರಿ ಎಂದೂ ಹೇಳಿದ.

ಹವಾಮಾನದ ಪಾಲು ಇನ್ನೂ ಉಳಿದಿತ್ತು. ಸಮುದ್ರಮಟ್ಟದಿಂದ 600 ಮೀಟರ್ ಆಸುಪಾಸಿನ ಈ ಸೀಮೆಯಲ್ಲಿ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಮುಟ್ಟುತ್ತದೆ, ಡಿಸೆಂಬರಿನ ಬೆಳಗು 10ಕ್ಕೆ ಇಳಿಯುತ್ತದೆ. ಚಳಿಯ ಗಾಳಿ ಬಿಸಿಲಿನ ಗಾಳಿಗಿಂತ ನೂರಕ್ಕೆ ಹತ್ತರಷ್ಟು ಹೆಚ್ಚು ದಟ್ಟ, ಪೆಟ್ರೋಲು ಆ ಪ್ರಮಾಣದಲ್ಲಿ ಹೆಚ್ಚು ಬರುವುದಿಲ್ಲ. ಬೇಸಿಗೆಯಲ್ಲಿ ಸರಿಯಾಗಿ ಹೊಂದಿಸಿದ ಗಾಡಿ ಚಳಿಗಾಲದ ಮುಂಜಾನೆ ಸ್ವಲ್ಪ ತಡವರಿಸುವುದು ಇದರಿಂದ. ಆ ಡಿಸೆಂಬರಿನಲ್ಲಿ ಕಾಕಾ ಮತ್ತೆ ಬಂದರು. ಮಿಸ್ತ್ರಿ ಏನನ್ನೂ ಬಿಚ್ಚಲಿಲ್ಲ, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ನೋಡಿದ. ಆಮೇಲೆ ಸ್ಲೈಡ್ ಎಳೆದು ಸೂಜಿಯ ಕ್ಲಿಪ್ಪನ್ನು ಇನ್ನೊಂದು ಕಚ್ಚು ಇಳಿಸಿ, ಬೇಸಿಗೆ ಹತ್ತಿದಾಗ ಬಂದು ಮತ್ತೆ ಏರಿಸಿಕೊಂಡು ಹೋಗಲು ಹೇಳಿದ.